ಊರಿಗೆಲ್ಲ ಗೊತ್ತಿರುವ ರೋಗಿ, ಊರಿಗೆ ಗೊತ್ತಾಗಬಾರದ ವಿಷಯ: ನನ್ನ ಅನುಭವ

ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ನರ್ಸ್. ಇಲ್ಲಿ ಯಾರಾದರೂ ಅಡ್ಮಿಟ್ ಆದರೆ ಮೊದಲ ಡ್ರಿಪ್ ಮುಗಿಯುವಷ್ಟರಲ್ಲಿ ಊರಿಗೆಲ್ಲ ಸುದ್ದಿ. ಬಸ್ಸಿನಲ್ಲಿ, ಅಡಿಕೆ ಮಂಡಿ ಹತ್ತಿರ, ಮದುವೆ ಊಟದ ಪಂಕ್ತಿಯಲ್ಲಿ ಕೂಡ ಕೇಳುತ್ತಾರೆ, "ಸಿಸ್ಟರೇ, ಅವರಿಗೆ ಎಂತ ಆಗಿದೆಯಂತೆ?" ಕೇಳುವವರು ಕೆಟ್ಟವರಲ್ಲ. ಆ ಮನೆಯ ಹಸು ಕರೆಯುವವರು, ಮಕ್ಕಳಿಗೆ ಊಟ ಹಾಕುವವರು, ಅಡಿಕೆ ಕೊನೆ ಕೊಯ್ಲಿಗೆ ಆಳು ಹೊಂದಿಸುವವರು ಇವರೇ. ಹಾಗಾಗಿ ಮುಖ ತಿರುಗಿಸಿ ಹೋಗುವುದು ನನಗೆ ಸರಿ ಕಾಣುವುದಿಲ್ಲ. "ನಂಗೆ ಗೊತ್ತಿಲ್ಲ" ಅನ್ನುವುದು ಸುಳ್ಳು. ಅದು ಸುಳ್ಳು ಅಂತ ಕೇಳಿದವರಿಗೂ ಗೊತ್ತಾಗುತ್ತದೆ.

ನಾನು ಹೇಳುವುದು ಇಷ್ಟೇ: "ನೋಡಿಕೊಳ್ತಾ ಇದ್ದೇವೆ. ಸಂಜೆ ಬನ್ನಿ, ಅವರನ್ನೇ ಮಾತಾಡಿಸಿ." ಈ ಮಾತನ್ನು ಎಲ್ಲ ರೋಗಿಗಳ ಬಗ್ಗೆಯೂ ಹೇಳುತ್ತೇನೆ. ಮರದಿಂದ ಬಿದ್ದು ಕಾಲು ಮುರಿದುಕೊಂಡವರ ಬಗ್ಗೆಯೂ ಇದೇ ಉತ್ತರ. ಕಾಲು ಮುರಿದಿದ್ದರಲ್ಲಿ ಎಂಥ ಗುಟ್ಟು ಅಂತ ಹೊಸಬರು ಕೇಳುತ್ತಾರೆ. ಕಾಲಿನ ವಿಷಯ ಬಾಯಿಬಿಟ್ಟು ಹೇಳಿ, ಇನ್ನೊಬ್ಬರ ವಿಷಯ ಬಂದಾಗ ಮಾತ್ರ ಸುಮ್ಮನಾದರೆ, ಆ ಸುಮ್ಮನಾಗುವುದೇ ಎಲ್ಲ ಹೇಳಿಬಿಡುತ್ತದೆ ಅಲ್ವಾ?

ನರ್ಸಿಂಗ್ ಓದುವಾಗ ದೀಪ ಬೆಳಗಿಸುವ ದಿನ ನೈಟಿಂಗೇಲ್ ಪ್ರತಿಜ್ಞೆ ಹೇಳಿದ್ದೆವು. ಕೆಲಸದಲ್ಲಿ ತಿಳಿದುಬಂದ ರೋಗಿಯ ಸ್ವಂತ ವಿಷಯವನ್ನೂ ಮನೆತನದ ವಿಷಯವನ್ನೂ ಹೊರಗೆ ಬಿಡುವುದಿಲ್ಲ ಅನ್ನುವ ಮಾತು ಅದರಲ್ಲಿದೆ. 1893ರಲ್ಲಿ ಅಮೆರಿಕದಲ್ಲಿ ಬರೆದ ಮಾತು ಅದು. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ 2006ರ ನೀತಿ ಸಂಹಿತೆ ಕೂಡ ರೋಗಿಯ ಖಾಸಗಿತನ ಕಾಪಾಡಿ, ಮಾಹಿತಿಯನ್ನು ಯೋಚಿಸಿ ಹಂಚಿಕೊಳ್ಳಿ ಅನ್ನುತ್ತದೆ. ನಮ್ಮ ಹೆಸರು ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ಪಟ್ಟಿಯಲ್ಲಿ ಇದ್ದರೆ ಮಾತ್ರ ಈ ಕೆಲಸ. ದುರ್ನಡತೆ ಸಾಬೀತಾದರೆ ಆ ಹೆಸರು ತೆಗೆಯಬಹುದು. ಇದೆಲ್ಲ ನಮಗೆ ಗೊತ್ತಿರುವುದೇ. ಆದರೆ ಬಾಯಿ ಮುಚ್ಚಿಕೊಂಡರೆ ಸಾಕು ಅಂದುಕೊಂಡರೆ ಗುಟ್ಟು ಉಳಿಯುವುದಿಲ್ಲ. ವಾರ್ಡಿನಲ್ಲಿ ಯಾವ ವಸ್ತು ಎಲ್ಲಿದೆ, ಯಾವ ಮಾತು ಎಲ್ಲಿ ಆಡುತ್ತೇವೆ ಅನ್ನುವುದು ಅದಕ್ಕಿಂತ ಮುಖ್ಯ.

ಬಸುರಿಯರ ವಿಷಯವನ್ನೇ ನೋಡಿ. ಮಂಚದ ಪಕ್ಕ ಅತ್ತೆ ನಿಂತಿರುತ್ತಾರೆ. "ಎಷ್ಟನೇ ಬಸಿರು?" ಅಂತ ಕೇಳಿದರೆ ಅತ್ತೆಯೇ ಉತ್ತರ ಕೊಡುತ್ತಾರೆ. ಹುಡುಗಿ ತಲೆ ಆಡಿಸುತ್ತಾಳೆ. ಅದಕ್ಕೇ ತೂಕದ ಮಿಷನ್ನನ್ನು ಒಳಗಿನ ಕೋಣೆಯಲ್ಲಿ ಇಡಿಸಿದೆ. ಆ ಬಾಗಿಲು ದಾಟಿ ಜೊತೆಯವರನ್ನು ಬಿಡುವುದಿಲ್ಲ. ಯಾರ ಅತ್ತೆಗೂ ಬೇಜಾರಿಲ್ಲ, ಎಲ್ಲರಿಗೂ ಒಂದೇ ನಿಯಮ. ಒಬ್ಬಳು ಹೊರಗೆ "ಮೊದಲನೇದು" ಅಂದಿದ್ದಳು. ತೂಕದ ಮೇಲೆ ನಿಂತು, ಮುಳ್ಳನ್ನೇ ನೋಡುತ್ತಾ, "ಸಿಸ್ಟರ್, ಮದುವೆಗೆ ಮುಂಚೆ ಒಂದು ತೆಗೆಸಿದ್ದೇನೆ" ಅಂದಳು. ಅವಳ ರಕ್ತದ ಗುಂಪು ನೆಗೆಟಿವ್. ಹಾಗಿದ್ದಾಗ ಹಿಂದಿನ ಗರ್ಭಪಾತದ ವಿಷಯ ಡಾಕ್ಟರಿಗೆ ಗೊತ್ತಾಗಲೇಬೇಕು, ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಆಗಬಹುದು. "ಡಾಕ್ಟರಿಗೆ ಹೇಳ್ತೇನೆ, ಅತ್ತೆಗಲ್ಲ" ಅಂತ ಅವಳಿಗೆ ತಿಳಿಸಿಯೇ ಡಾಕ್ಟರಿಗೆ ಹೇಳಿದೆ.

ಬರೆದದ್ದನ್ನು ಕಾಯುವುದು ಇನ್ನೊಂದು ಕೆಲಸ. ಮಂಚದ ಕಾಲ್ದೆಸೆಯಲ್ಲಿ ಕೇಸ್‌ಶೀಟ್ ತೂಗಿಬಿಟ್ಟರೆ ಮೈದುನ ಓದುತ್ತಾನೆ, ಅರ್ಥ ಆಗದಿದ್ದರೆ ಫೋಟೋ ತೆಗೆದು ಯಾರಿಗೋ ಕಳಿಸುತ್ತಾನೆ. ಇನ್‌ಚಾರ್ಜ್ ಸಿಸ್ಟರ್ ಜೊತೆ ಮಾತಾಡಿ ಎಲ್ಲ ಶೀಟುಗಳನ್ನೂ ನಮ್ಮ ಟೇಬಲ್ಲಿಗೆ ತಂದೆವು. ಲ್ಯಾಬ್ ರಿಪೋರ್ಟ್ ಮಡಚಿ ಒಳಗೆ. ಡ್ಯೂಟಿ ಬದಲಾಗುವಾಗ ಮಂಚದ ಹತ್ತಿರ ಡ್ರಿಪ್ಪು, ಗಾಯ, ಬಿಪಿ ಮಾತ್ರ ಹೇಳುತ್ತೇವೆ. ಉಳಿದದ್ದು ಟೇಬಲ್ಲಿನಲ್ಲಿ, ಮೆಲ್ಲಗೆ.

ಎಚ್‌ಐವಿ ಇರುವವರ ಫೈಲಿಗೆ ಕೆಂಪು ಗುರುತು ಹಾಕೋಣ, ನಮ್ಮ ಸುರಕ್ಷತೆಗೆ ಬೇಕು ಅಂತ ಈಗಲೂ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ರಕ್ತ ಮುಟ್ಟುವಾಗ ಪ್ರತಿಯೊಬ್ಬರಿಗೂ ಗ್ಲೌಸ್ ಹಾಕಿದರೆ ಗುರುತು ಯಾಕೆ ಬೇಕು? ಪರೀಕ್ಷೆಯನ್ನೇ ಮಾಡಿಸದವರೂ ಬರುತ್ತಾರೆ, ಅವರ ಫೈಲಿನ ಮೇಲೆ ಏನಿರುತ್ತದೆ? 2017ರ ಎಚ್‌ಐವಿ ಕಾಯ್ದೆ ಕೂಡ ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಸ್ಥಿತಿಯನ್ನು ಹೊರಗೆ ಹಾಕಬಾರದು ಅನ್ನುತ್ತದೆ.

ಹೊಸ ಹುಡುಗಿಯರಿಗೆ ನಾನು ಒತ್ತಿ ಹೇಳುವುದು ಒಂದಿದೆ. "ಯಾರಿಗೂ ಹೇಳಲ್ಲ" ಅಂತ ರೋಗಿಗೆ ಮಾತು ಕೊಡಬೇಡಿ. ಹದಿನೆಂಟು ತುಂಬದ ಹುಡುಗಿ ಬಸುರಿಯಾಗಿ ಬಂದರೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಅವಳು ಬಾಯಿ ಬಿಡುವ ಮೊದಲೇ ಅದನ್ನು ಹೇಳಿಬಿಡುತ್ತೇನೆ. ಹೇಳುವಾಗ ಗಂಟಲು ಕಟ್ಟುತ್ತದೆ, ಆದರೂ ಹೇಳುತ್ತೇನೆ. ಗರ್ಭಪಾತ ಮಾಡಿಸಬೇಕಾದಾಗ, ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಡಾಕ್ಟರು ಅವಳ ಹೆಸರು ವಿವರ ಬಿಟ್ಟು ಮಾಹಿತಿ ಕೊಡಬಹುದು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದು ಎಷ್ಟೋ ಮನೆಯವರಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಆಸ್ಪತ್ರೆ ಬಿಟ್ಟು ಬೇರೆಲ್ಲೋ ಹೋಗುತ್ತಾರೆ.

ಮಂಗನ ಕಾಯಿಲೆಯದ್ದೂ ಇಂಥದ್ದೇ ಕಷ್ಟ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನ ಕಡೆ ಮೊದಲು ಪತ್ತೆಯಾದ ಕಾಯಿಲೆ. ಚಳಿಗಾಲ ಮುಗಿಯುವ ಹೊತ್ತಿಗೆ ತರಗೆಲೆ ತರಲು, ಸೌದೆಗೆ ಕಾಡಿಗೆ ಹೋದವರು ಜ್ವರ ಬಂದು ಬರುತ್ತಾರೆ. ಈ ಕಾಯಿಲೆ ಹರಡುವ ಉಣುಗು (ಉಣ್ಣೆ ಹುಳ) ಕಚ್ಚಿತ್ತೋ ಇಲ್ಲವೋ ನೆನಪಿರುವುದಿಲ್ಲ. ರಕ್ತದಲ್ಲಿ ಕಾಯಿಲೆ ಕಂಡರೆ ಆರೋಗ್ಯ ಇಲಾಖೆಗೆ ಊರು, ಮನೆ ಎಲ್ಲ ಹೇಳಬೇಕು. ಮನೆಯವರಿಗೆ ಇನ್ನೊಂದು ಭಯ, ನಾಳೆ ಕೊಯ್ಲಿಗೆ ಆಳು ಬರದಿದ್ದರೆ? ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ ಅಂತ ಅವರ ಎದುರು ಕೂತು ಬಿಡಿಸಿ ಹೇಳುತ್ತೇನೆ. ಮಾಹಿತಿ ಯಾರಿಗೆ ಹೋಗುತ್ತದೆ, ಯಾಕೆ ಹೋಗುತ್ತದೆ ಅನ್ನುವುದನ್ನೂ ಹೇಳುತ್ತೇನೆ. ಆಮೇಲೆ ಆ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದಾಗ ಒಂದು ಮಾತು ಕೇಳಿಕೊಳ್ಳುತ್ತೇನೆ: ಆ ಮನೆಯೊಂದಕ್ಕೇ ಹೋಗಿ ಬರಬೇಡಿ, ಅಕ್ಕಪಕ್ಕದ ಎಲ್ಲ ಮನೆಗೂ ಹೋಗಿ ಜ್ವರ ವಿಚಾರಿಸಿ. ಅದೇ ಕಾಡಿಗೆ ಅವರೂ ಹೋಗಿರುತ್ತಾರಲ್ಲ.