ಹಳೇ ಗಾಡಿ ಬಾಗಿಲದ ಚಿಲಕ ಬಿಚ್ಚೂ ಮುಂಚೆ

ಹಳೇ ಮೆಟಡಾರಿನೊಳಗ ಹಾಸಿಗಿ, ಕಪಾಟು ಮಾಡಿಸ್ಕೊಂಡು ಬನದ ಹುಣ್ಣಿಮಿಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕ ಹೋಗೂ ಮಂದಿ ನಮ್ಮ ಬೆಳಗಾವಿ ಕಡೆ ಇನ್ನೂ ಅದಾರ. ಹೊರಡೂ ಮುಂದ ಎಂಜಿನ್ ತೋರಸ್ತಾರ, ಟಾಯರ್ ತೋರಸ್ತಾರ, ಬಾಗಿಲದ ಚಿಲಕ ಮಾತ್ರ ಯಾರೂ ನೋಡೂದಿಲ್ಲ. ಒಳಗ ಸಣ್ಣ ಹುಡುಗ್ರು ಮಲಗಿರತಾವ. ಅದಕ್ಕ ಇಷ್ಟು ಹೇಳಾಕ ಹತ್ತೇನಿ.

ಬಾಗಿಲಾ ಮುಚ್ಚಿದ್ರ ಚಿಲಕ ಬೀಳವಲ್ದು ಅಂದಕೂಡ್ಲೆ ಚಿಲಕಕ್ಕ ಕೈ ಹಾಕಬ್ಯಾಡ್ರಿ. ಬಾಗಿಲಾ ಅರ್ಧಾ ತಗದು, ಹಿಡಿಕಿ ಹಿಡದು ಮ್ಯಾಲಕ್ಕ ಎತ್ರಿ. ಕಟಕಟ ಅಂತ ಆಡಿದ್ರ ತಪ್ಪು ಬಿಜಾಗರಿದು. ಇನ್ನೊಂದು ಪರೀಕ್ಷಾ: ಕುಂಕುಮದಾಗ ಒಂದ ಹನಿ ಎಣ್ಣಿ ಕಲಸಿ ಚಿಲಕದ ನಾಲಿಗಿಗೆ (ಹಿಡಿಕಿ ತಿರುವಿದ್ರ ಒಳಗ ಹೋಗೂ ತುಂಡಿಗೆ) ಹಚ್ಚಿ, ಬಾಗಿಲಾ ಮೆಲ್ಲಕ ಚೌಕಟ್ಟಿಗೆ ತಾಗಸ್ರಿ. ಕೆಂಪು ಗುರುತು ಚೌಕಟ್ಟಿನ್ಯಾಗ ನಾಲಿಗಿ ಕೂಡೂ ತೂತಿನ ಕೆಳಗ ಬಿತ್ತಂದ್ರ ಬಾಗಿಲಾ ಜೋತೈತಿ. ಬಿಜಾಗರಿ ಬಿಗಿ ಮಾಡ್ರಿ, ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗೀತೈತಿ.

ಚಿಲಕಾನ ಬಿಚ್ಚಬೇಕಾದ್ರ ಹಿಂದಿನ ರಾತ್ರಿನ ಸ್ಕ್ರೂಗಳಿಗೆ ಚಿಮಣಿ ಎಣ್ಣಿ ಬಿಟ್ಟಿರ್ರಿ. ನಮ್ಮ ಮಳಿಗಾಲದಾಗ ಹತ್ತಿದ ತುಕ್ಕು ಬರೇ ತೋಳಿನ ಬಲಕ್ಕ ಬಗ್ಗೂದಿಲ್ಲ. ಗಡಿಬಿಡಿ ಮಾಡಿದ್ರ ಸ್ಕ್ರೂ ತಲಿ ಸವದು ಹೋಗತೈತಿ. ಚಿಲಕದ ಪೆಟ್ಟಿಗಿ ಕೈಗೆ ಬಂದ ಮ್ಯಾಲೆ ಹಳೇ ಧೋತರದ ತುಂಡು ಮುಚ್ಚಿ ಅದರ ಕೆಳಗ ಮುಚ್ಚಳಾ ಎತ್ರಿ. ಒಳಗಿನ ಸ್ಪ್ರಿಂಗ್ ಒಮ್ಮೆ ಸಿಡೀತಂದ್ರ ಹುಡುಕೂದು ದೊಡ್ಡ ಕೆಲಸ, ಕಣ್ಣಿಗೆ ಬಡದ್ರ ಇನ್ನೂ ಕೆಟ್ಟದ್ದು. ಯಾವುದನ್ನೂ ಅಲಗಾಡಸೂ ಮೊದಲು ಮೊಬೈಲಿನ್ಯಾಗ ಫೋಟೊ ತಗೀರಿ. ಬಿಚ್ಚಿದ ಸಾಮಾನು ಬಿಚ್ಚಿದ ಸಾಲಿನಂಗ ಬಟ್ಟಿ ಮ್ಯಾಲೆ ಇಡ್ರಿ.

ನೋಡ್ರೆಪಾ, ಹಳೇ ಚಿಲಕ ಸವದಿದ್ದಕ್ಕಿಂತ ಜಿಡ್ಡು ಹಿಡದು ನಿಂತಿದ್ದ ಜಾಸ್ತಿ. ಧೂಳು, ಗಟ್ಟಿಯಾದ ಗ್ರೀಸ್ ಕೂಡಿ ಕರ್ರಗ ಮೆತ್ತಿರತೈತಿ. ಚಿಮಣಿ ಎಣ್ಣಿಯೊಳಗ ನೆನೆ ಹಾಕಿ, ಹಳೇ ಹಲ್ಲಿನ ಬ್ರಶ್‌ಲೆ ತಿಕ್ಕಿ, ಪೂರ್ತಿ ಒಣಗಸ್ರಿ. ಆಮ್ಯಾಲೆ ತಿಕ್ಕಾಡೂ ಜಾಗಾಕ್ಕ ತೆಳ್ಳಗ ಗ್ರೀಸ್ ಸಾಕು. ಕೊಬ್ಬರಿ ಎಣ್ಣಿ ಮಾತ್ರ ಬ್ಯಾಡ, ಚಳಿಗಾಲದಾಗ ಹೆಪ್ಪುಗಟ್ಟತೈತಿ. ಕೀಲಿ ತೂತಿಗೆ ಯಾವ ಎಣ್ಣೀನೂ ಬಿಡಬ್ಯಾಡ್ರಿ, ಪೆನ್ಸಿಲ್ ಸೀಸದ ಪುಡಿ ಉದುರಿಸ್ರಿ.

ಸ್ಪ್ರಿಂಗ್ ಮುರದಿದ್ರ ಎಳದು ಉದ್ದ ಮಾಡಿ ಹಾಕೂ ಆಸೆ ಬಿಡ್ರಿ. ತುಂಡು ತಗೊಂಡು ಬೆಳಗಾವಿಯ ಕಾರ್ಖಾನಿ ಪ್ರದೇಶ ಉದ್ಯಮಬಾಗ ಕಡೆ ಹೋದ್ರ ಅಂಥಾದ್ದನ್ನ ಹುಡುಕಬಹುದು. ತಂತಿ ದಪ್ಪ ಅದಕ್ಕ ಸರಿಹೊಂದಬೇಕು: ದಪ್ಪಾದ್ರ ಹುಡುಗ್ರ ಕೈಗೆ ಹಿಡಿಕಿ ತಿರಗೂದಿಲ್ಲ, ತೆಳ್ಳಗಾದ್ರ ನಾಲಿಗಿ ಹೊರಗ ಬರೂದಿಲ್ಲ.

ತಿರುಗಿ ಜೋಡಸೂವಾಗ ನಾಲಿಗಿಯ ಇಳಿಜಾರಿನ ಮಗ್ಗಲು ಬಾಗಿಲಾ ಮುಚ್ಚೂ ದಿಕ್ಕಿಗೆ ಇರಲಿ, ಚೌಕಟ್ಟಿಗೆ ಮೊದಲು ತಾಗೂದು ಅದ. ಉಲ್ಟಾ ಕುಂತ್ರ ಬಾಗಿಲಾ ಎಷ್ಟು ಬಡದ್ರೂ ಬೀಳೂದಿಲ್ಲ. ಸ್ಕ್ರೂ ಎಲ್ಲಾ ಮೊದಲು ಸಡ್ಲ ಹಾಕಿ, ಹಿಡಿಕಿ ತಿರುವಿ ನೋಡಿ, ಒಂದಾದ ಮ್ಯಾಲೊಂದು ಬಿಗೀರಿ. ಒಂದನ್ನ ಪೂರಾ ಬಿಗದ್ರ ಪೆಟ್ಟಿಗಿ ವಾರೆಯಾಗಿ ಹಿಡಿಕಿ ಹಿಡದಂಗಾಗತೈತಿ.

ಇನ್ನ, ಬಾಗಿಲಾ ತಗದಿಟ್ಟ ಪರೀಕ್ಷಾ ಮಾಡ್ರಿ. ಹೆಬ್ಬಟ್ಟಿಲೆ ನಾಲಿಗಿ ಒತ್ತಿ ಬಿಡ್ರಿ, ಟಪ್ ಅಂತ ಹೊರಗ ಬರಬೇಕು. ಒಳಗಿನ ಹಿಡಿಕಿ, ಹೊರಗಿನ ಹಿಡಿಕಿ, ಕೀಲಿ ಮೂರೂ ಆಡಿದ ಮ್ಯಾಲೇನ ಬಾಗಿಲಾ ಮುಚ್ಚಬೇಕು, ಅದೂ ಕಿಡಕಿ ತಗದಿಟ್ಟು. ಒಳಗ ಮಂದಿ ಇದ್ದಾಗ ಹೊರಗ ಕೊಂಡಿ ಹಾಕಿ ಬೀಗ ಜಡೀಬ್ಯಾಡ್ರಿ. ಬೆಂಕಿ ಗಿಂಕಿ ಆದ್ರ ಅವರು ಹೊರಗ ಬರೂ ದಾರಿ ಅದೊಂದ. ಗಾಡಿ ಓಡಿದಾಗ ಸ್ಕ್ರೂ ಸಡ್ಲಾಗತಾವ, ಮೊದಲ ಸಲ ಚಹಾಕ್ಕ ನಿಂತಲ್ಲೇ ಮತ್ತೊಮ್ಮೆ ಬಿಗೀರಿ.