ಹೊಂಗೆ ಹಾಕುವ ಮುಂಚೆ ಹೊಲದಲ್ಲೊಂದು ಗುಂಡಿ ತೋಡಿ

ಹದಿನೈದು ವರ್ಷದ ಹಿಂದೆ ನಾನೂ ಅರ್ಧ ಎಕರೆಗೆ ಜಟ್ರೋಫಾ ಹಾಕಿದ್ದೆ, ಬೀಜದ ಎಣ್ಣೆಯಿಂದ ಡೀಸೆಲ್‌ಗೆ ಬದಲಿ ಇಂಧನ ಮಾಡುವ ಗಿಡ ಅದು. ಸಸಿ ಮಾರಿದವರು ನೀರು ಬೇಡ, ಗೊಬ್ಬರ ಬೇಡ, ಬೀಜ ನಾವೇ ಕೊಳ್ಳುತ್ತೇವೆ ಎಂದಿದ್ದರು. ಗಿಡವೇನೋ ಬದುಕಿತು. ಕಾಯಿ ಮಾತ್ರ ಕೂತು ಎಣಿಸಬಹುದಿತ್ತು. ಕೊಳ್ಳುತ್ತೇವೆ ಎಂದವರ ಫೋನ್ ಸ್ವಿಚ್ ಆಫ್. ಬರ ತಾಳುವ ಗಿಡ ಬರದಲ್ಲಿ ಫಸಲನ್ನೂ ಕೊಡುತ್ತದೆ ಎಂದು ನಂಬಿದ್ದು ನನ್ನ ತಪ್ಪು.

ಆದ್ದರಿಂದ ಇಂಧನಕ್ಕೆ ಅಂತ ಹೊಂಗೆಯಂಥ ಎಣ್ಣೆಬೀಜದ ಮರ ಹಾಕುವ ಮುಂಚೆ ಒಮ್ಮೆ ಹೊಲ ಸುತ್ತಿ ಬನ್ನಿ. ರಾಗಿ, ತೊಗರಿ ಚೆನ್ನಾಗಿ ಬರುವ ಜಾಗವನ್ನು ಸುಮ್ನೆ ಬಿಟ್ಟುಬಿಡಿ. ಬದು, ಬೇಲಿ ಸಾಲು, ಹಳ್ಳದ ಅಂಚು, ಉಳುಮೆಗೆ ಬಾರದ ಕಲ್ಲು ಜಾಗ, ಇವನ್ನು ಗುರುತು ಮಾಡಿಕೊಳ್ಳಿ. ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ ಇದೆ, ಅಲ್ಲಿಯವರು ರೈತರಿಗೆ ಹೇಳುತ್ತಾ ಬಂದಿದ್ದೂ ಬದುವಿನ ಮಾತನ್ನೇ.

ಈಗ ಹಾರೆ, ಗುದ್ದಲಿ ತೆಗೆದುಕೊಳ್ಳಿ. ಮೂರಡಿ ಆಳ ತೋಡಿ ನೋಡಿ. ಒಂದೂವರೆ ಅಡಿಗೇ ಬಂಡೆ ಠಣ್ ಅಂದರೆ ಹೊಂಗೆಗೆ ಆ ಜಾಗ ಬೇಡ, ಅದರ ಬೇರು ಆಳಕ್ಕೆ ಇಳಿಯಬೇಕು. ಗರಸು, ಅಂದರೆ ಪುಡಿಗಲ್ಲಿನ ಮಣ್ಣು ಸಿಕ್ಕರೆ ಹೆದರಬೇಡಿ, ಹಾರೆ ಇಳಿಯುವ ಕಡೆ ಬೇರೂ ಇಳಿಯುತ್ತದೆ.

ಪಕ್ಕದಲ್ಲೇ ಒಂದೂವರೆ ಅಡಿಯ ಇನ್ನೊಂದು ಗುಂಡಿ ತೋಡಿ, ನೀರು ತುಂಬಿಸಿ ಇಂಗಲು ಬಿಡಿ. ಮತ್ತೆ ತುಂಬಿಸಿ, ಕಡ್ಡಿ ನೆಟ್ಟು ಗಂಟೆಗೆ ಎಷ್ಟು ಇಳಿಯಿತು ನೋಡಿ. ಒಂದರಿಂದ ಮೂರು ಇಂಚು ಇಳಿದರೆ ಒಳ್ಳೆಯದು. ಅರ್ಧ ಇಂಚೂ ಇಳಿಯದ ಎರೆ ಮಣ್ಣಾದರೆ ಜಟ್ರೋಫಾ ಬೇರು ಕೊಳೆಯುತ್ತದೆ. ಹೊಂಗೆ ಅದಕ್ಕಿಂತ ಗಟ್ಟಿ, ಹೊಳೆ ದಡದಲ್ಲೂ ಬೆಳೆಯುತ್ತದೆ, ಸ್ವಲ್ಪ ಚೌಳನ್ನೂ, ಅಂದರೆ ಮಣ್ಣಿನ ಉಪ್ಪಿನಂಶವನ್ನೂ ತಾಳುತ್ತದೆ.

ಮಣ್ಣು ಪರೀಕ್ಷೆಗೆ ಕೊಡುವಾಗ ತಿಪ್ಪೆ ಪಕ್ಕದ್ದೋ ಮರದ ಬುಡದ್ದೋ ತೆಗೆಯಬೇಡಿ. ಮರ ಹಾಕುವುದಾದ್ದರಿಂದ ಮೇಲಿನ ಮಣ್ಣು ಒಂದು ಚೀಲ, ಕೆಳಗಿನದು ಇನ್ನೊಂದು ಚೀಲ. ಎರಡನ್ನೂ ಕಲಸಿ ಕೊಟ್ಟರೆ ಚೌಳು ಎಲ್ಲಿದೆ ಅಂತ ಗೊತ್ತೇ ಆಗುವುದಿಲ್ಲ.

ಎತ್ತರಕ್ಕೆ ಬೆಳೆಯುವ ಮೇವಿನ ಹುಲ್ಲು ನೇಪಿಯರ್ ಹಾಕಿ, ಹುಲ್ಲು ಕೊಳೆಸಿ ಗ್ಯಾಸ್ ಮಾಡುವ ಘಟಕಕ್ಕೆ ಕೊಡಿ ಅಂತಲೂ ಕೆಲವರು ಬರುತ್ತಾರೆ. ಅದಕ್ಕೆ ನೀರು ಬೇಕೇ ಬೇಕು. ಬೇಸಿಗೆಯಲ್ಲಿ ಬೋರ್‌ವೆಲ್ ಎಷ್ಟು ಹೊತ್ತು ಓಡುತ್ತದೆ ಅನ್ನುವುದನ್ನು ಮೊದಲು ನೋಡಿಕೊಳ್ಳಿ.

ಇನ್ನು ಕಾಯುವ ತಾಕತ್ತು. ಬೀಜದಿಂದ ಬಂದ ಹೊಂಗೆ ಕಾಯಿ ಬಿಡಲು ಐದಾರು ವರ್ಷ ಬೇಕು, ಕಸಿ ಗಿಡ ಬೇಗ. ಐದು ಮೀಟರಿಗೊಂದರಂತೆ ಹಾಕಿದರೆ ಎಕರೆಗೆ ಸುಮಾರು 160 ಗಿಡ, ಆದರೆ ಬದುವಿನಲ್ಲಿ ಅಷ್ಟು ಹಿಡಿಯುವುದಿಲ್ಲ. ಬದುವಿನ ಮರದ ನೆರಳು ಯಾರ ಹೊಲಕ್ಕೆ ಬೀಳುತ್ತದೆ ಅಂತಲೂ ನೋಡಿ. ಪಕ್ಕದ ಹೊಲದ ಅಣ್ಣನ ರಾಗಿ ಮೇಲೆ ಬಿದ್ದರೆ ಜಗಳ ಗ್ಯಾರಂಟಿ ಅಲ್ವಾ?

ಕೊನೆಗೆ ಗಾಣ. ಹತ್ತಿರದಲ್ಲಿ ಎಣ್ಣೆ ತೆಗೆಯುವ ಎಕ್ಸ್‌ಪೆಲ್ಲರ್ ಇಲ್ಲದಿದ್ದರೆ ಲಾಭವನ್ನೆಲ್ಲ ಟೆಂಪೊ ಬಾಡಿಗೆಯೇ ತಿನ್ನುತ್ತದೆ. ಸಸಿ ತರುವ ಮೊದಲೇ ಊರಿನ ಹೊಂಗೆ ಮರಗಳ ಬೀಜ ಆರಿಸಿ, ಒಂದು ಚೀಲ ಹಿಂಡಿಸಿ ನೋಡಿ. ನಾಲ್ಕು ಕೆಜಿಗೆ ಹತ್ತಿರ ಹತ್ತಿರ ಒಂದು ಲೀಟರ್ ಎಣ್ಣೆ ಬರಬೇಕು. ಉಳಿದ ಹಿಂಡಿಯನ್ನು ಗಾಣದವರಿಗೆ ಬಿಟ್ಟು ಬರಬೇಡಿ, ಹೊಲಕ್ಕೆ ಅದು ಒಳ್ಳೇ ಗೊಬ್ಬರ.