ಹೆಡ್ ಇಳಿಸಿದ ಕೂಡಲೇ ಒರೆಸಬೇಡಿ, ಮೊದಲು ನೋಡಿ

ಹಳೇ ಅಂಬಾಸಿಡರ್ ಇಟ್ಟುಕೊಂಡವರಿಗೆ ಇದು ಗೊತ್ತಿರುವ ಕಾಟ. ಬೆಳಿಗ್ಗೆ ರೇಡಿಯೇಟರ್ ಮುಚ್ಚಳ ತೆಗೆದರೆ ನೀರು ಅರ್ಧ ಲೀಟರ್ ಕಮ್ಮಿ. ಕಾರಿನ ಕೆಳಗೆ ಬಗ್ಗಿ ನೋಡಿದರೆ ನೆಲ ಒಣಗಿಯೇ ಇದೆ. ‘ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್, ಇಳಿಸಿಬಿಡೋಣ’ ಅನ್ನುತ್ತಾರೆ ಮೆಕ್ಯಾನಿಕ್. ಹೆಡ್ ಅಂದರೆ ಎಂಜಿನ್ನಿನ ಮೇಲ್ಮುಚ್ಚಳ, ಬ್ಲಾಕ್ ಅಂದರೆ ಅದರ ಕೆಳಗೆ ಸಿಲಿಂಡರುಗಳಿರುವ ಮೈ, ಎರಡರ ನಡುವೆ ಸೋರದಂತೆ ಕೂರಿಸುವ ಹಾಳೆಯೇ ಗ್ಯಾಸ್ಕೆಟ್. ಇಳಿಸುತ್ತಾರೆ, ಕೆರೆದು ಚೊಕ್ಕ ಮಾಡುತ್ತಾರೆ, ಹೊಸ ಗ್ಯಾಸ್ಕೆಟ್ ಕೂರಿಸುತ್ತಾರೆ. ತಿಂಗಳು ಕಳೆಯುವುದರೊಳಗೆ ಮತ್ತೆ ಅದೇ ಕಥೆ.

ನಮ್ಮ ಮನೆಯ 1978ರ ಮಾರ್ಕ್ 3 ಕಾರಿಗೆ ಹೀಗೇ ಎರಡು ಸಲ ಹೆಡ್ ಇಳಿಯಿತು. ಎರಡು ಸಲವೂ ಹೊಸ ಗ್ಯಾಸ್ಕೆಟ್ ಬಿತ್ತು. ತಪ್ಪು ಇದ್ದದ್ದು ಬ್ಲಾಕಿನಲ್ಲಿ. ನೀರು ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದಕ್ಕೆ ಸಾಕ್ಷಿ ಇರುವುದೇ ಹೆಡ್ ಇಳಿಸಿದಾಗ ಕಾಣುವ ಮಸಿ, ತುಕ್ಕಿನ ಕೊಳೆಯಲ್ಲಿ. ಅದನ್ನು ಒರೆಸಿಬಿಟ್ಟರೆ ಮುಂದಿನದೆಲ್ಲ ಬರೀ ಅಂದಾಜು.

ಇಲ್ಲಿ ಹೇಳುವುದು 1489 ಸಿಸಿ ಪೆಟ್ರೋಲ್ ಎಂಜಿನ್ ಬಗ್ಗೆ. ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್ ಎಂಜಿನ್ ಅದು. ಎಂಜಿಬಿ ಸ್ಪೋರ್ಟ್ಸ್ ಕಾರಿನ ಎಂಜಿನ್ನೂ ಇದೇ ಕುಟುಂಬದ್ದು. ಬ್ಲಾಕು, ಹೆಡ್ಡು ಎರಡೂ ಬೀಡು ಕಬ್ಬಿಣ. ಪದ್ಮಿನಿಯಂಥ ಕಾರಿನಲ್ಲಿ ಹೆಡ್ ಅಲ್ಯೂಮಿನಿಯಂ, ಬಿಸಿ ಜಾಸ್ತಿಯಾದರೆ ಬೇಗ ಬಾಗುತ್ತದೆ. ಆದರೆ ಹುಡುಕುವ ದಾರಿ ಒಂದೇ.

ಇಳಿಸುವ ಮುಂಚೆ

ಕಾರನ್ನು ರಾತ್ರಿಯಿಡೀ ಅಲುಗಾಡಿಸದೆ ಬಿಡಿ. ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡದೆ ಸಂಪಿನ (ಎಂಜಿನ್ ತಳದ ಆಯಿಲ್ ತೊಟ್ಟಿಯ) ಆಯಿಲ್ ನಟ್ಟನ್ನು ನಿಧಾನ ಸಡಿಲಿಸಿ, ಕೆಳಗೆ ಗಾಜಿನ ಲೋಟ ಹಿಡಿಯಿರಿ. ನೀರು ಆಯಿಲ್‌ಗಿಂತ ಭಾರ, ಸಂಪಿನ ತಳದಲ್ಲಿ ಕೂತಿರುತ್ತದೆ. ಹಾಗಾಗಿ ನೀರಿದ್ದರೆ ಮೊದಲು ಬರುವುದು ಅದೇ. ಆಯಿಲ್ ಫಿಲ್ಲರ್ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ಜಿಡ್ಡು ಕಂಡರೆ ಅಷ್ಟಕ್ಕೇ ಗಾಬರಿಯಾಗಬೇಡಿ. ಚಳಿಗಾಲದಲ್ಲಿ ಬರೀ ಹತ್ತಿರದ ಓಡಾಟಕ್ಕೆ ಬಳಸುವ ಕಾರಿನಲ್ಲಿ ಹಬೆ ಕೂತು ಅದು ಬರುತ್ತದೆ. ಲೋಟದಲ್ಲಿ ನೀರು ಬಿದ್ದರೆ ಮಾತು ಬೇರೆ.

ಆಮೇಲೆ ರೇಡಿಯೇಟರ್ ಮತ್ತು ಬ್ಲಾಕಿನ ನೀರು ಪೂರ್ತಿ ಇಳಿಸಿ. ಕೂಲಂಟ್ ಹಾಕಿದ್ದರೆ ಬಕೆಟ್ಟಿಗೆ ಹಿಡಿದು ಮುಚ್ಚಿಡಿ. ಅದು ಸಿಹಿ, ನಾಯಿ ನೆಕ್ಕುತ್ತದೆ, ಮಕ್ಕಳೂ ಬಾಯಿಗೆ ಹಾಕಬಹುದು. ಅದು ವಿಷ.

ಈ ಎಂಜಿನ್ನಿನಲ್ಲಿ ವಾಲ್ವ್ ಒತ್ತುವ ರಾಕರ್‌ಗಳ ಬ್ರಾಕೆಟ್ ಹಿಡಿದಿರುವ ನಾಲ್ಕು ನಟ್ಟುಗಳು ಹೆಡ್ಡನ್ನೂ ಹಿಡಿದಿವೆ. ಅವನ್ನು ಮಾತ್ರ ಬಿಚ್ಚಿದರೆ ಒಂದೇ ಕಡೆ ಎಳೆತ ಬಿದ್ದು ಹೆಡ್ ಬಾಗಬಹುದು. ಎಲ್ಲ ನಟ್ಟುಗಳನ್ನೂ ಸ್ವಲ್ಪ ಸ್ವಲ್ಪವೇ, ಸರದಿಯಲ್ಲಿ ಸಡಿಲಿಸಿ. ಹೆಡ್ ಮೇಲೆ ಬರದಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಮರದ ಸುತ್ತಿಗೆಯಿಂದ ಪಕ್ಕಕ್ಕೆ ತಟ್ಟಿ.

ಈಗ ಬಟ್ಟೆ ದೂರ ಇಡಿ

ಹೆಡ್ಡನ್ನು ಮಗುಚಿ ಇಡಿ. ಗ್ಯಾಸ್ಕೆಟ್ ಯಾವ ಕಡೆ ಮುಂದಿತ್ತು ಅಂತ ಗುರುತು ಮಾಡಿ. ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಆಮೇಲೆ ಟಾರ್ಚ್ ಹಿಡಿದು ಸಮಾಧಾನವಾಗಿ ನೋಡಿ.

ಮೊದಲು ಪಿಸ್ಟನ್‌ಗಳ ತಲೆ. ಮೂರರ ಮೇಲೆ ಕಪ್ಪು ಮಸಿ ಇದ್ದು, ಒಂದು ಮಾತ್ರ ತೊಳೆದ ಪಾತ್ರೆಯ ಹಾಗೆ ಹೊಳೆಯುತ್ತಿದೆಯಾ? ಹಾಗಿದ್ದರೆ ನೀರು ಹೋಗಿದ್ದು ಅಲ್ಲಿಗೆ. ಸಿಲಿಂಡರಿನೊಳಗೆ ನುಗ್ಗಿದ ನೀರು ಹಬೆಯಾಗಿ ಮಸಿಯನ್ನು ಕಿತ್ತುಹಾಕುತ್ತದೆ. ಅದೇ ಸಿಲಿಂಡರಿನ ಸ್ಪಾರ್ಕ್ ಪ್ಲಗ್ಗೂ ಬೆಳ್ಳಗಿರುತ್ತದೆ.

ಆಮೇಲೆ ಗ್ಯಾಸ್ಕೆಟ್. ಎರಡೂ ಮುಖ ನೋಡಿ. ನೀರಿನ ತೂತಿನಿಂದ ಹೊರಟ ತುಕ್ಕಿನ ಗೆರೆ ಎಲ್ಲಿ ಮುಗಿಯುತ್ತದೆ? ಸಿಲಿಂಡರಿನ ಸುತ್ತ ಗ್ಯಾಸ್ಕೆಟ್‌ನಲ್ಲಿರುವ ಬಳೆಗೆ ಮುಟ್ಟಿದರೆ ನೀರು ಸೈಲೆನ್ಸರಿನಿಂದ ಬಿಳಿ ಹೊಗೆಯಾಗಿ ಹೋಗಿದೆ. ಪುಷ್‌ರಾಡ್ (ರಾಕರ್ ನೂಕುವ ಸರಳು) ಹಾಯುವ ತೂತಿಗೆ ಮುಟ್ಟಿದರೆ ಆಯಿಲ್‌ಗೆ ಸೇರಿದೆ. ಹೊರಗಿನ ಅಂಚಿಗೆ ಬಂದಿದ್ದರೆ ಬಿಸಿ ಬ್ಲಾಕಿನ ಮೇಲೆ ಜಿನುಗಿ, ನೆಲಕ್ಕೆ ಬೀಳುವ ಮೊದಲೇ ಆರಿಹೋಗಿದೆ. ಎರಡು ಸಿಲಿಂಡರುಗಳ ನಡುವೆ ಕಪ್ಪು ಗೆರೆ ಇದ್ದರೆ ಅದು ನೀರಲ್ಲ, ಬೆಂಕಿ ದಾಟಿದ ಗುರುತು.

ನಮ್ಮ ಕಾರಿನಲ್ಲಿ ಮೂರನೇ ಸಲ ಕಂಡದ್ದು ಹೀಗೆ. ಮೂರನೇ ಸಿಲಿಂಡರಿನ ಪಕ್ಕದ ಸ್ಟಡ್ (ಬ್ಲಾಕಿನಿಂದ ಎದ್ದು ಹೆಡ್ಡನ್ನು ಹಿಡಿಯುವ ಮರೆಯ ಸರಳು) ಸುತ್ತ ಗ್ಯಾಸ್ಕೆಟ್ ಚಪ್ಪಟೆಯಾಗಿ ಮಿರಮಿರ ಹೊಳೆಯುತ್ತಿತ್ತು. ಅದರಿಂದ ಅರ್ಧ ಬೆರಳು ಆಚೆ, ಒತ್ತಿದ ಗುರುತೇ ಇರಲಿಲ್ಲ. ಅಲ್ಲೇ ಕೆಂಪು ತುಕ್ಕು, ಹುಣಸೆ ಎಲೆಯಷ್ಟು ಅಗಲ. ಸ್ಟಡ್ ವರ್ಷಗಟ್ಟಲೆ ಎಳೆದೂ ಎಳೆದೂ ಬ್ಲಾಕಿನ ಕಬ್ಬಿಣವೇ ಅಲ್ಲಿ ಮೇಲೆದ್ದಿತ್ತು. ಹೆಡ್ ಆ ದಿಬ್ಬದ ಮೇಲೆ ಕೂತಿತ್ತು, ಪಕ್ಕದಲ್ಲಿ ಸಂದು. ಹೊಸ ಗ್ಯಾಸ್ಕೆಟ್ ತಾನೇ ಏನು ಮಾಡೀತು, ಹೇಳಿ?

ಅಳತೆ

ಈಗ ಚೊಕ್ಕ ಮಾಡಬಹುದು. ಹಳೇ ಗ್ಯಾಸ್ಕೆಟ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒಣಗಿದ್ದನ್ನು ಉಜ್ಜಿ ದೂಳೆಬ್ಬಿಸಬೇಡಿ. ಒದ್ದೆ ಮಾಡಿ, ಮಾಸ್ಕ್ ಹಾಕಿಕೊಂಡು ಕೆರೆಯಿರಿ.

ನೆಟ್ಟಗಿರುವ ಸ್ಟೀಲ್ ಪಟ್ಟಿಯನ್ನು, ಅದರ ಅಂಚು ತಾಗುವಂತೆ, ಹೆಡ್ ಮೇಲೆ ನಿಲ್ಲಿಸಿ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳು) ತೂರಿಸಿ. 0.05 ಮಿ.ಮೀ. ಎಲೆ ಹೋಗದಿದ್ದರೆ ಚೆನ್ನಾಗಿದೆ. 0.1 ಮಿ.ಮೀ. ಎಲೆಯೂ ಸಲೀಸಾಗಿ ಹೋದರೆ ಫೇಸಿಂಗ್ ಹೊಡೆಸಲೇಬೇಕು, ಅಂದರೆ ಮಷಿನ್ನಿನಲ್ಲಿ ಮೇಲ್ಮೈ ಸಮ ಮಾಡಿಸಬೇಕು. ಬ್ಲಾಕಿಗೂ ಇದನ್ನೇ ಮಾಡಿ. ಇಲ್ಲಿ ಎಲ್ಲರೂ ಎಡವುತ್ತಾರೆ. ಹೆಡ್ಡನ್ನು ಮಷಿನ್ ಶಾಪಿಗೆ ಕಳಿಸುತ್ತಾರೆ, ಬ್ಲಾಕನ್ನು ಯಾರೂ ನೋಡುವುದಿಲ್ಲ. ಸ್ಟಡ್ ಬಿಚ್ಚಿ, ತೂತಿನ ಬಾಯಿ ಸುತ್ತ ಪಟ್ಟಿ ಇಟ್ಟು ಆ ಕಡೆಯಿಂದ ಬೆಳಕು ಬಿಡಿ. ದಿಬ್ಬ ಸಣ್ಣದಿದ್ದರೆ ಆ ಬಾಯಿಯನ್ನು ಮಾತ್ರ ಹಗುರಾಗಿ ಸವರಿಸಿದರೆ ಸಾಕು.

ಸೀಳು ಹುಡುಕುವುದು

ಎರಡು, ಮೂರನೇ ಸಿಲಿಂಡರುಗಳ ಎಕ್ಸಾಸ್ಟ್ ಹೊರಗೆ ಹೋಗುವುದು ಒಂದೇ ಬಾಯಿಯಿಂದ. ಹಾಗಾಗಿ ಹೆಡ್ಡಿನ ನಡುಭಾಗ ಹೆಚ್ಚು ಕಾಯುತ್ತದೆ. ವಾಲ್ವ್ ಸೀಟುಗಳ ನಡುವಿನ ಜಾಗವನ್ನು ಮೊದಲು ನೋಡಿ. ಸೀಳು ಹುಡುಕುವ ಕೆಂಪು ಬಣ್ಣದ ಸ್ಪ್ರೇ ಸಿಗುತ್ತದೆ. ಜಾಗವನ್ನು ಎಣ್ಣೆ ಪಸೆ ಇಲ್ಲದಂತೆ ತೊಳೆದು, ಕೆಂಪು ಹೊಡೆದು 15 ನಿಮಿಷ ಬಿಟ್ಟು ಒರೆಸಿ. ಮೇಲೆ ಬಿಳಿ ಪುಡಿಯ ಸ್ಪ್ರೇ ಹೊಡೆಯಿರಿ. ಸೀಳಿದ್ದರೆ ಬಿಳಿಯ ಮೇಲೆ ಕೆಂಪು ಕೂದಲೆಳೆ ಮೂಡುತ್ತದೆ.

ಅನುಮಾನ ಉಳಿದರೆ ಮಷಿನ್ ಶಾಪಿನಲ್ಲಿ ಪ್ರೆಶರ್ ಟೆಸ್ಟ್ ಮಾಡಿಸಿ. ನೀರಿನ ಬಾಯಿಗಳನ್ನು ಮುಚ್ಚಿ, ಸುಮಾರು 30 ಪೌಂಡ್ ಗಾಳಿ ತುಂಬಿ ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಬಿಸಿನೀರೇ ಆಗಬೇಕು ಅಂತ ಕೇಳಿ. ಕೆಲವು ಸೀಳುಗಳು ತಣ್ಣಗಿದ್ದಾಗ ಬಾಯಿ ಬಿಡುವುದೇ ಇಲ್ಲ.

ಬ್ಲಾಕಿಗೆ ಮನೆಯಲ್ಲೇ ಒಂದು ಪರೀಕ್ಷೆ ಉಂಟು. ಕೆಳಗಿನ ಹೋಸ್ ತೆಗೆದು, ವಾಟರ್ ಪಂಪಿನ ಬಾಯಿಗೆ ರಬ್ಬರ್ ಬಿರಡೆ ಜಡಿಯಿರಿ. ಬ್ಲಾಕಿನ ಮೇಲ್ಮೈಗಿಂತ ಬೆರಳಗಲ ಕೆಳಗಿನವರೆಗೆ ನೀರು ತುಂಬಿ. ಸಿಲಿಂಡರುಗಳನ್ನು ಒಣ ಬಟ್ಟೆಯಿಂದ ಒರೆಸಿ, ರಾತ್ರಿ ಬಿಡಿ. ಬೆಳಿಗ್ಗೆ ಸಿಲಿಂಡರ್ ಗೋಡೆಯಲ್ಲಿ ಹನಿ ಕಂಡರೆ ಬ್ಲಾಕಿನಲ್ಲೇ ಸೀಳು. ಪಿಸ್ಟನ್ ಮೇಲಿದ್ದ ಎರಡು ಸಿಲಿಂಡರುಗಳ ಗೋಡೆ ಕಂಡಿರುವುದಿಲ್ಲ. ಕ್ರ್ಯಾಂಕ್ ಅರ್ಧ ಸುತ್ತು ತಿರುಗಿಸಿ ಮತ್ತೊಂದು ರಾತ್ರಿ ಬಿಡಿ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಬ್ಲಾಕಿನ ಪಕ್ಕದ ತೂತುಗಳನ್ನು ಮುಚ್ಚಿರುವ ತಗಡು ಬಿಲ್ಲೆಗಳನ್ನೂ ಬೆರಳಿನಿಂದ ಸವರಿ ನೋಡಿ. ಬಿಲ್ಲೆ ಒಳಗಿನಿಂದ ತುಕ್ಕು ತಿಂದು ಕಾಗದದಷ್ಟಾಗಿರುತ್ತದೆ, ಹೊರಗೆ ಬಣ್ಣ ಹಾಗೇ ಇರುತ್ತದೆ. ನಮ್ಮ ಕಡೆಯ ಬೋರ್‌ವೆಲ್ ನೀರು ತುಂಬಿಸಿ ಓಡಿಸಿದ ಕಾರುಗಳಲ್ಲಿ ಇದು ಜಾಸ್ತಿ.

ಮತ್ತೆ ಕೂರಿಸುವಾಗ

ಸ್ಟಡ್ ತೂತುಗಳಲ್ಲಿ ನೀರು, ಆಯಿಲ್ ನಿಲ್ಲಬಾರದು. ಗ್ಯಾಸ್ಕೆಟ್ ಮೇಲೆ ‘ಫ್ರಂಟ್’, ‘ಟಾಪ್’ ಅಂತ ಇರುತ್ತದೆ, ಹಾಗೇ ಕೂರಿಸಿ. ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಟಾರ್ಕ್ ರೆಂಚಿನಲ್ಲೇ ಬಿಗಿಯಿರಿ. ಎಂಜಿನ್ ಒಮ್ಮೆ ಚೆನ್ನಾಗಿ ಕಾದು ತಣ್ಣಗಾದ ಮೇಲೆ ಮತ್ತೆ ಅದೇ ಸರದಿಯಲ್ಲಿ ಬಿಗಿದು, ಟ್ಯಾಪೆಟ್ (ವಾಲ್ವಿನ ಸಂದು) ಹೊಂದಿಸಿ. ಸಂಪಿಗೆ ನೀರು ಸೇರಿದ್ದರೆ ಆಯಿಲ್, ಫಿಲ್ಟರ್ ಎರಡನ್ನೂ ಹೊಸದು ಹಾಕದೆ ಎಂಜಿನ್ ಸ್ಟಾರ್ಟ್ ಮಾಡಬೇಡಿ.